ಹೆಂಗಸರು ಮಾತ್ರ ಕೇಳಿದ ಲಾಲಿ

ರನ್‌ಕಾರ್ನ್, ಬ್ರಿಸ್ಬೇನ್
9 ಮಾರ್ಚ್ 2025

ಮಾಲೂ,

ಫೋನು ಮಾಡಬೇಡ ಅಂತ ರೇಗಿದವನೂ ನಾನೇ, ಈಗ ಮೊದಲು ಬರೆಯುತ್ತಿರುವವನೂ ನಾನೇ. ನಾವಿಬ್ಬರೂ ಫೋನಿನಲ್ಲಿ ನಾಲ್ಕು ಮಾತಾಡುವಷ್ಟರಲ್ಲಿ ದನಿ ಏರಿಸುತ್ತೇವೆ, ಪಕ್ಕದ ರೂಮಿನಲ್ಲಿ ಮಲಗಿರುವ ನಿನ್ನಮ್ಮನಿಗೆ ಎಲ್ಲ ಕೇಳಿಸುತ್ತದೆ. ಅವಳಿಗೆ ಮಾತು ಹೋಗಿದೆಯೇ ಹೊರತು ಕಿವಿ ಹೋಗಿಲ್ಲ. ಆದ್ದರಿಂದ ಇನ್ನು ಮೇಲೆ ಏನಿದ್ದರೂ ಇಮೇಲಿನಲ್ಲಿ. ಕನ್ನಡದಲ್ಲೇ ಬರೆ. ನಿನ್ನ ಇಂಗ್ಲಿಷಿನಲ್ಲಿ ಎಲ್ಲವೂ ಆಫೀಸಿನ ಕಾಗದದಂತೆ ಕಾಣುತ್ತದೆ.

ನೀನು ಪರ್ತ್‌ಗೆ ವಾಪಸು ಹೋದ ಮೇಲೆ ಅವಳನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆ. ಬಲಗೈ ಸ್ವಲ್ಪ ಎತ್ತುತ್ತಾಳೆ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಾಳೆ. ಮಾತು ಮಾತ್ರ ಅದೊಂದೇ: 'ಬೇಡ'. ಕಾಫಿ ಕೊಡ್ಲಾ ರುಕ್ಕೂ? ಬೇಡ. ಕೊಟ್ಟರೆ ಲೋಟ ಖಾಲಿ. ನಿನ್ನ ಫೋಟೋ ತೋರಿಸಿದೆ, ಮುಖವೆಲ್ಲ ಅರಳಿತು, ಬಾಯಿಂದ ಬಂದದ್ದು 'ಬೇಡ'. ಸ್ಟ್ರೋಕ್ ಆದವರಲ್ಲಿ ಕೆಲವರಿಗೆ ಹೀಗೆ ಒಂದೇ ಪದ ಉಳಿಯುತ್ತದೆ, ಹೌದಿಗೂ ಅದೇ, ಇಲ್ಲಕ್ಕೂ ಅದೇ. ಇದು ನಾನು ಓದಿ ಪಾಸಾದ ವಿಷಯ. ಆದರೆ ಅಷ್ಟೊಂದು ಪದಗಳಿದ್ದವಲ್ಲ ಮಾಲೂ ಅವಳ ಹತ್ತಿರ, 'ಬಾ' ಅನ್ನುವುದು ಉಳಿಯಬಾರದಿತ್ತೇ? 'ರೀ' ಅನ್ನುವುದಾದರೂ?

ಸ್ಪೀಚ್ ಥೆರಪಿಯ ಹುಡುಗಿ ಒಂದು ವಿಷಯ ಹೇಳಿದಳು. ಮಾತು ಹೋದವರಲ್ಲೂ ಕೆಲವು ಸಲ ಹಾಡು ಉಳಿದಿರುತ್ತದಂತೆ. ನಿಮ್ಮ ಹೆಂಡತಿಯೇ ಹಾಡಿದ್ದು ಏನಾದರೂ ಇದ್ದರೆ ಕೇಳಿಸಿ ನೋಡಿ ಅಂದಳು. ಮನೆಯ ಎಲ್ಲ ಫೋನುಗಳನ್ನೂ ಜಾಲಾಡಿದೆ. ನಿನಗೇ ಗೊತ್ತಲ್ಲ, ದಿನವಿಡೀ ಅಡುಗೆಮನೆಯಲ್ಲಿ ಗುನುಗುವವಳು ಯಾರಾದರೂ ಫೋನು ಎತ್ತಿದರೆ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಕೊನೆಗೆ ನಾನೇ ಹಾಡಿದೆ. ನನಗೂ ಶ್ರುತಿಗೂ ಮುಖಪರಿಚಯವಿಲ್ಲ. ನಿನ್ನಮ್ಮ ನಕ್ಕಳು, ಅಷ್ಟೇ ಲಾಭ.

ಆಗ ನೆನಪಾಯಿತು. ಹೋದ ವರ್ಷ ನಿನ್ನ ಮನೆಗೆ ಬಂದಿದ್ದಾಗ ನಿನ್ನ ಸ್ಕೂಲಿನ ಯಾವುದೋ ಸಿನಿಮಾದಲ್ಲಿ ಹಾಡಿದ್ದಳಂತಲ್ಲ. ಅದನ್ನು ಕಳಿಸು. ಲಿಂಕ್ ಸಾಕು.

ಅನಂತಪದ್ಮನಾಭ
(ನಿನ್ನ ಅಪ್ಪನೇ. ಪ್ರಿಸ್ಕ್ರಿಪ್ಷನ್ ಬರೆದೂ ಬರೆದೂ ಪೂರ್ತಿ ಹೆಸರೇ ಬರುತ್ತದೆ.)


ಪರ್ತ್
21 ಮಾರ್ಚ್ 2025, ಶುಕ್ರವಾರ

ಅಪ್ಪಾ,

ಕಳಿಸಲು ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೊನೆಯವರೆಗೂ ಆಸೆ ಇಟ್ಟುಕೊಂಡು ಓದುತ್ತೀರಿ.

ನಾನು ಎಡಿಟಿಂಗ್ ಕಲಿಸುವ ಜಾಗವನ್ನು ನೀವು ಎಲ್ಲರಿಗೂ 'ಯಾವುದೋ ಫಿಲ್ಮ್ ಸ್ಕೂಲು' ಅಂತ ಹೇಳುತ್ತೀರಿ. ಯಾವುದು ಅಂತ ಕೇಳಿಲ್ಲ. ಇದು ತುಂಬ ಸಂಪ್ರದಾಯಸ್ಥರಾದ ಯಹೂದಿ ಹೆಣ್ಣುಮಕ್ಕಳಿಗೆ ಅಂತಲೇ ನಡೆಸುವ ಶಾಲೆ. ಅವರಲ್ಲಿ ಹೆಣ್ಣು ಪರಪುರುಷರೆದುರು ಹಾಡುವಂತಿಲ್ಲ. ಹಾಗಂತ ಅವರಿಗೇನು ಹಾಡು ಬೇಡವೇ, ಸಿನಿಮಾ ಬೇಡವೇ? ಅದಕ್ಕೇ ಬರೆಯುವವರು, ಕ್ಯಾಮೆರಾ ಹಿಡಿಯುವವರು, ನಟಿಸುವವರು, ಕೊನೆಗೆ ನೋಡುವವರು, ಎಲ್ಲ ಹೆಂಗಸರೇ. ಕರೆಂಟಿನವನು ಬಂದರೆ ನಾವು ಮಾನಿಟರ್ ಆರಿಸಿ ಅಂಗಳಕ್ಕೆ ಹೋಗುತ್ತೇವೆ. ಮಾಡಿದ ಸಿನಿಮಾ ಈ ಶಾಲೆಯಿಂದ ಹೊರಗೆ ಹೋಗುವುದು ಹೆಂಗಸರ ಪ್ರದರ್ಶನಕ್ಕೆ ಮಾತ್ರ, ಅದೂ ಒಬ್ಬರ ಕೈಯಲ್ಲೇ. ಲಿಂಕು ಗಿಂಕು ಇಲ್ಲ. ಯಾವ ಗಂಡಸಿಗೂ ಕಾಣಿಸುವುದಿಲ್ಲ, ಕೇಳಿಸುವುದಿಲ್ಲ ಅಂತ ಕೆಲಸಕ್ಕೆ ಸೇರುವಾಗ ನಾನೂ ಮಾತು ಕೊಟ್ಟಿದ್ದೇನೆ.

ಅಮ್ಮನಿಗೆ ಈ ಜಾಗ ಬಂದ ಮೊದಲ ದಿನವೇ ಅರ್ಥವಾಗಿತ್ತು. ಹಾಲಿನ ಪಾತ್ರೆಗೊಂದು ಸಿಂಕು, ಮಾಂಸದ ಪಾತ್ರೆಗೊಂದು ಸಿಂಕು. ನಾನು ಸೇರಿದ ಹೊಸದರಲ್ಲಿ ಮೊಸರನ್ನದ ಡಬ್ಬಿಯನ್ನು ತಪ್ಪು ಸಿಂಕಿನಲ್ಲಿ ತೊಳೆದು ರಂಪವಾಗಿತ್ತು. ಅಮ್ಮ ಒಮ್ಮೆ ಕಣ್ಣಾಡಿಸಿ, "ಇದು ನಮ್ಮತ್ತೆ ಮಡಿ ಕಣೇ, ಇಷ್ಟೂ ತಿಳಿಲಿಲ್ವಾ ನಿಂಗೆ?" ಅಂದುಬಿಟ್ಟಳು.

ನನ್ನ ವಿದ್ಯಾರ್ಥಿನಿ ಡೆವೋರಾ ಆಗ ಲಾಲಿಹಾಡುಗಳ ಮೇಲೆ ಸಿನಿಮಾ ಮಾಡುತ್ತಿದ್ದಳು. ಅಮ್ಮನನ್ನು ಕೇಳಿದಳು. ಅಮ್ಮ ನನ್ನ ಕಡೆ ತಿರುಗಿ, "ಇಲ್ಲಿ ಗಂಡಸರು ಯಾರೂ ನೋಡಲ್ಲ ಅಲ್ವಾ?" ಅಂತ ಎರಡೆರಡು ಸಲ ಕೇಳಿದಳು. ಆಮೇಲೆ ಹಾಡಿದಳು. ಡೆವೋರಾಳ ಅಜ್ಜಿ ಫ್ರೀಡಾ ಪಕ್ಕದ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಹಾಡು ಶುರುವಾಗುವುದೇ 'ಲಾಲಿ' ಅಂತ. ಅವರ ಭಾಷೆಯ ಜೋಗುಳದಲ್ಲೂ 'ಲ್ಯೂಲಿ, ಲ್ಯೂಲಿ' ಅಂತ ಬರುತ್ತದಂತೆ. ಆ ಪದ ಕಿವಿಗೆ ಬಿದ್ದದ್ದೇ ಅಜ್ಜಿ ಕಣ್ಣು ಬಿಟ್ಟು, ಅಮ್ಮನ ಕೈ ಹಿಡಿದು, ಆ 'ಲ್ಯೂಲಿ'ಯನ್ನೇ ಜೊತೆಗೆ ಹಾಡತೊಡಗಿದರು. ಮೊದಲ ಸಾಲಿನಿಂದ ಕೊನೆಯವರೆಗೂ ಇಬ್ಬರ ದನಿಯೂ ಒಂದೇ ಮೈಕಿನಲ್ಲಿದೆ.

ನಿಮಗೆ ಅಡ್ಡ ಬಂದಿರುವ ಈ ಕಟ್ಟಳೆ ಇಲ್ಲದಿದ್ದರೆ ಅಮ್ಮ ಅವತ್ತು ಬಾಯಿ ತೆರೆಯುತ್ತಲೇ ಇರಲಿಲ್ಲ ಅಪ್ಪಾ. ಅದನ್ನು ನೆನೆಸಿಕೊಂಡರೆ ನನಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯುವುದಿಲ್ಲ.

ಶುಕ್ರವಾರ ಸಂಜೆ ಅವರ ವಾರದ ವಿಶ್ರಾಂತಿಯ ದಿನ ಶುರುವಾಗುತ್ತದೆ, ಸೂರ್ಯ ಮುಳುಗುವ ಮುಂಚೆ ಶಾಲೆ ಮುಚ್ಚುತ್ತಾರೆ. ಹೊರಡಬೇಕು.

ಮಾಲು


ರನ್‌ಕಾರ್ನ್
23 ಮಾರ್ಚ್ 2025

ಮಾಲವಿಕಾ,

ಪರಪುರುಷ! ನಾನು! ಅವಳಿಗೆ ಊಟ ಮಾಡಿಸಿ, ಮೈ ಒರೆಸಿ, ಜಡೆ ಹಾಕಲು ಯೂಟ್ಯೂಬ್ ನೋಡಿ ಕಲಿತವನು ಪರಪುರುಷ!

ನೀನು ಎಡಿಟರ್ ತಾನೇ? ಅದಕ್ಕೇ ತಾನೇ ಮೆಡಿಕಲ್ ಸೀಟು ಬಿಟ್ಟು ಹೋದದ್ದು? ಆ ಅಜ್ಜಿಯ ದನಿಯನ್ನು ಕತ್ತರಿಸಿ ಬಿಸಾಕಿ ನನ್ನ ಹೆಂಡತಿಯದನ್ನು ಮಾತ್ರ ಕಳಿಸು. ಈಗ ಕಂಪ್ಯೂಟರಿಗೆ ಅದೊಂದು ಕೆಲಸವೇ ಅಲ್ಲವಂತೆ.

ಥೆರಪಿಗೆ ಬೇಕು ಅಂತ ಬರೆದಿದ್ದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ನನಗೆ ಬೇಕು. ಅವಳ ದನಿ ನನಗೆ ಮರೆಯುತ್ತಾ ಇದೆ. 'ರೀ, ಹಾಲು ತನ್ನಿ' ಅನ್ನುವುದನ್ನು ಮೊನ್ನೆ ಮನಸ್ಸಿನಲ್ಲೇ ಕೇಳಿಸಿಕೊಳ್ಳಲು ನೋಡಿದೆ. ಪದ ಬಂತು, ದನಿ ಬರಲಿಲ್ಲ. ಅಡುಗೆಮನೆಯಲ್ಲಿ ನಿಂತು ಅತ್ತೆ.

ಅಪ್ಪ


ಪರ್ತ್
4 ಮೇ 2025

ಅಪ್ಪಾ,

ಇಷ್ಟು ದಿನ ಬರೆಯದಿದ್ದದ್ದಕ್ಕೆ ಸೋಮಾರಿತನ ಕಾರಣವಲ್ಲ. ಏನಾದರೂ ಕೈಗೆ ಬಂದ ಮೇಲೆ ಬರೆಯೋಣ ಅಂತಿದ್ದೆ. ಬರಲಿಲ್ಲ.

ನಿಮ್ಮ ಕಾಗದವನ್ನು ನಮ್ಮ ಶಾಲೆಯ ಮುಖ್ಯಸ್ಥೆ ಶುಲಮಿತ್ ಅವರಿಗೆ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಜಡೆಯ ಮಾತು ಬಂದಾಗ ಅವರು ಎದ್ದು ಕಿಟಕಿ ಹತ್ತಿರ ಹೋದರು. "ಗಂಡ ತನ್ನ ಹೆಂಡತಿ ಹಾಡೋದನ್ನ ಕೇಳಬಾರದು ಅಂತ ನಮ್ಮಲ್ಲೂ ಇಲ್ಲ. ನಿನ್ನಮ್ಮನ ದನಿ ನಿನ್ನಪ್ಪನಿಗೆ ಹೋಗಲಿ. ಫ್ರೀಡಾ ದನಿ ಕೊಡೋಕೆ ನಾನು ಯಾರು?" ಅಂದರು. ಬಿಡಿಸಲು ಆಗುವುದಾದರೆ ಬಿಡಿಸು ಅಂತ ಎಡಿಟಿಂಗ್ ರೂಮಿನ ಬೀಗದ ಕೈ ಕೊಟ್ಟರು.

ಬಿಡಿಸಿ ನೋಡಿದೆ. ಬೇರೆ ಬೇರೆ ಸಾಫ್ಟ್‌ವೇರುಗಳಲ್ಲಿ, ಬೇರೆ ಬೇರೆ ದಿನ. ಕಂಪ್ಯೂಟರಿಗೆ ಅದೊಂದು ಕೆಲಸವೇ ಅಲ್ಲ ಅಂದಿರಿ. ಹಾಡಿಗೂ ತಬಲಕ್ಕೂ ಆದರೆ ನಿಜ. ಒಂದೇ ಶ್ರುತಿಯಲ್ಲಿ, ಒಂದೇ ಅಕ್ಷರದ ಮೇಲೆ, ಕೈ ಹಿಡಿದುಕೊಂಡು ಕೂತ ಇಬ್ಬರು ಹೆಂಗಸರು! ಕಾವಲಿಗೆ ಕಚ್ಚಿಕೊಂಡ ದೋಸೆ ಎಬ್ಬಿಸಿದ ಹಾಗಾಯಿತು. ಅಜ್ಜಿಯನ್ನು ತೆಗೆದರೆ ಅಮ್ಮನ ಅರ್ಧ ದನಿ ಅವರ ಜೊತೆಗೇ ಹೋಯಿತು. ಉಳಿದದ್ದರಲ್ಲಿ ಅಮ್ಮ ಇರಲಿಲ್ಲ, ಅಜ್ಜಿ ಉಸಿರೆಳೆದುಕೊಳ್ಳುವುದು ಮಾತ್ರ ಸ್ಪಷ್ಟವಾಗಿತ್ತು. ಅದನ್ನು ಅಳಿಸಿದೆ. ನಿಮಗೆ ಕಳಿಸುವಂಥದ್ದಲ್ಲ ಅದು.

ಫ್ರೀಡಾ ಅಜ್ಜಿಯನ್ನೇ ಕೇಳೋಣ ಅಂದರೆ ಅವರು ಹೋದ ಚಳಿಗಾಲದಲ್ಲಿ ತೀರಿಕೊಂಡರು. ಡೆವೋರಾ ಮದುವೆಯಾಗಿ ಅಡಿಲೇಡಿನಲ್ಲಿದ್ದಾಳೆ. ಅವಳು ಒಪ್ಪಿದರೆ ಶುಲಮಿತ್ ಬೇಡ ಅನ್ನುವುದಿಲ್ಲ. ಇಂಥದ್ದನ್ನು ಫೋನಿನಲ್ಲಿ ಕೇಳಬಾರದು. ರಜೆ ಸಿಕ್ಕ ಕೂಡಲೇ ಹೋಗುತ್ತೇನೆ.

ಅಮ್ಮನ ಕೈಯನ್ನು ಒಂದು ಸಲ ನನ್ನ ಪರವಾಗಿ ಹಿಡಿದುಕೊಳ್ಳಿ.

ಮಾಲು


ಅಡಿಲೇಡ್ ಏರ್‌ಪೋರ್ಟ್
15 ಜೂನ್ 2025

ಅಪ್ಪಾ,

ವಿಮಾನ ತಡ. ಇಲ್ಲೇ ಕೂತು ಬರೆಯುತ್ತಿದ್ದೇನೆ, ಮನೆಗೆ ಹೋದರೆ ಬರೆಯುವ ಧೈರ್ಯ ಇರುವುದಿಲ್ಲ.

ಡೆವೋರಾಗೆ ಈಗ ಪುಟ್ಟ ಮಗು. ಹೆಸರು ಫ್ರೀಡಾ. ನಾನು ಬಂದ ಕಾರಣ ಹೇಳುತ್ತಿದ್ದಂತೆ ಅವಳು ಮಗುವನ್ನು ಎದೆಗೆ ಒತ್ತಿಕೊಂಡು ಅಳತೊಡಗಿದಳು. "ನನ್ನ ದನಿಯಾಗಿದ್ರೆ ಈಗಲೇ ಕೊಟ್ಟುಬಿಡ್ತಿದ್ದೆ. ಅಜ್ಜಿ ಒಪ್ಪಿದ್ದು ನನ್ನ ಮಾತಿನ ಮೇಲೆ. ಯಾವ ಗಂಡಸಿಗೂ ಕೇಳಿಸಲ್ಲ ಅಂತ ಮಾತು ಕೊಟ್ಟೋಳು ನಾನು. ಈಗ ಅವರನ್ನ ಎಲ್ಲಿ ಹೋಗಿ ಕೇಳಲಿ?" ಅಂದಳು.

ನೀವಿದ್ದಿದ್ದರೆ ಏನನ್ನುತ್ತಿದ್ದಿರೋ. ನಾನು ಕಾಗದದ ತಟ್ಟೆಯಲ್ಲಿ ಅವಳು ಕೊಟ್ಟ ಕೇಕು ತಿಂದೆ. ಅವಳೂ ತಿಂದಳು. ಅವಳನ್ನು ಬೈಯಲು ಒಂದೇ ಒಂದು ಕಾರಣ ಸಿಕ್ಕಿದ್ದರೂ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಒಂದು ದಾರಿ ಇದೆ. ನಿಮ್ಮ ಪಾಲಿಗಲ್ಲ, ಅಮ್ಮನ ಪಾಲಿಗೆ. ಆಗಸ್ಟ್ 24, ಭಾನುವಾರ ಮಧ್ಯಾಹ್ನ, ಬ್ರಿಸ್ಬೇನಿನಲ್ಲಿ ಒಂದು ಹಾಲ್ ಹಿಡಿದು ನಮ್ಮ ಶಾಲೆಯ ಸಿನಿಮಾಗಳನ್ನು ತೋರಿಸುತ್ತಾರೆ. ಹೆಂಗಸರಿಗೆ ಮಾತ್ರ. ಸಿನಿಮಾ ತರುವವಳು ನಾನೇ. ಡೆವೋರಾನೂ ಬರುತ್ತಾಳೆ. ಅಮ್ಮ ಬರಬಹುದು. ಅವಳ ಹಾಡನ್ನು ಅವಳೇ ಕೇಳಬಹುದು. ನೀವು ಹಾಲಿನವರೆಗೆ ಕರೆತರಬೇಕು.

ಅಷ್ಟೇ ನನ್ನ ಕೈಲಾದದ್ದು.

ಮಾಲು


ರನ್‌ಕಾರ್ನ್
20 ಜುಲೈ 2025

ಮಾಲೂ,

ಸತ್ತವರ ಒಪ್ಪಿಗೆಗೆ ಕಾಯುತ್ತಾ ಕೂತರೆ ಬದುಕಿರುವವರ ಗತಿಯೇನು ಅಂತ ದೊಡ್ಡ ಕಾಗದ ಬರೆದಿದ್ದೆ. ಅಳಿಸಿದೆ. ನೀನು ಕೇಕು ತಿಂದೆ ಅಂತ ಬರೆದದ್ದನ್ನು ಓದಿ ನನ್ನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಹಾಗೇ ಇದೆ.

ನಾನು ಇಪ್ಸ್‌ವಿಚ್‌ನ ಕ್ಲಿನಿಕ್ಕಿಗೆ ಹೋದಾಗ ಅಮ್ಮನ ಜೊತೆಗಿರಲು ಗೌರಿ ಅಂತ ಒಬ್ಬಳು ಹುಡುಗಿ ಬರುತ್ತಾಳೆ. ಮೈಸೂರಿನವಳು, ಇಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅವಳ ಜೊತೆ ಅಮ್ಮ ಚೆನ್ನಾಗಿರುತ್ತಾಳೆ. ನನ್ನ ಜೊತೆ ಜಗಳ. ದಿನಾ ಸಂಜೆ ಚಿತ್ರದ ಕಾರ್ಡುಗಳನ್ನಿಟ್ಟುಕೊಂಡು ಮಾತು ಕಲಿಸುತ್ತೇನೆ. "ಇದೇನು ಹೇಳು ರುಕ್ಕೂ, ನೀ... ನೀ..." ಅಂತ ನಾನು, 'ಬೇಡ' ಅಂತ ಅವಳು. ನಿನ್ನೆ ಎಡಗೈಯಲ್ಲಿ ಕಾರ್ಡುಗಳನ್ನೆಲ್ಲ ನೆಲಕ್ಕೆ ಚೆಲ್ಲಿ ಗೋಡೆ ಕಡೆ ತಿರುಗಿಕೊಂಡಳು. ಆ ಬೇಡ ಮಾತ್ರ ನನಗೆ ಚೆನ್ನಾಗಿ ಅರ್ಥವಾಯಿತು. ಆದರೂ ಕಾರ್ಡುಗಳನ್ನು ಆರಿಸಿಟ್ಟೆ. ಇನ್ನೇನು ಮಾಡಲಿ?

24ಕ್ಕೆ ಕರೆತರುತ್ತೇನೆ. ಡ್ರೈವರನಿಗೆ ಧರ್ಮದ ಅಡ್ಡಿಯಿಲ್ಲ ತಾನೇ?

ಅಪ್ಪ


ರನ್‌ಕಾರ್ನ್
25 ಆಗಸ್ಟ್ 2025

ಮಾಲೂ,

ಒಳಗೆ ಏನಾಯಿತು?

ಅವಳ ಗಾಲಿಕುರ್ಚಿ ತಳ್ಳಿಕೊಂಡು ಹೊರಗೆ ಬಂದಾಗ ನಿನ್ನ ಕಣ್ಣು ಕೆಂಡವಾಗಿತ್ತು. ಹಿಂದೆ ಬಂದ ಹೆಂಗಸರೂ ಅಮ್ಮನ ಕೆನ್ನೆ ಸವರಿ ಸವರಿ ಹೋಗುತ್ತಿದ್ದರು. ನೀನು 'ಫ್ಲೈಟಿಗೆ ಹೊತ್ತಾಯ್ತು' ಅಂತ ನನ್ನ ಮುಖವನ್ನೂ ನೋಡದೆ ಟ್ಯಾಕ್ಸಿ ಹತ್ತಿದೆ. ಕಾರಿನಲ್ಲಿ ಕೇಳಿದೆ, "ಹೇಗಿತ್ತು ರುಕ್ಕೂ ಸಿನಿಮಾ?" ಬೇಡ. "ನಿನ್ನ ಹಾಡು ಬಂತಾ?" ಬೇಡ. ನನ್ನ ತೊಡೆಯ ಮೇಲೆ ಕೈಯಿಟ್ಟು ಮನೆ ಬರುವವರೆಗೂ ಹಾಗೇ ಕೂತಿದ್ದಳು.

ಒಂದು ವಿಷಯ ಹೇಳಿಬಿಡುತ್ತೇನೆ, ನೀನು ಅನುಮಾನಪಡಬಾರದು. ಹಾಲಿನ ಹಿಂಭಾಗದಲ್ಲಿ ಒಂದು ಕಿಟಕಿ ತೆರೆದಿತ್ತು. ಅಲ್ಲಿ ಹೋಗಿ ನಿಂತಿದ್ದರೆ ಎಲ್ಲ ಕೇಳಿಸುತ್ತಿತ್ತು. ನಾನು ಕಾರಿನಲ್ಲೇ ಕೂತೆ. ಗಾಜು ಏರಿಸಿ, ರೇಡಿಯೋದಲ್ಲಿ ಬರುತ್ತಿದ್ದ ಫುಟ್ಬಾಲ್ ಕಾಮೆಂಟರಿ ಜೋರಾಗಿ ಇಟ್ಟುಕೊಂಡೆ. ಯಾರು ಯಾರ ಮೇಲೆ ಆಡುತ್ತಿದ್ದರೋ ದೇವರಿಗೇ ಗೊತ್ತು. ಹೆಂಡತಿಯ ಹಾಡನ್ನು ಕದ್ದು ಕೇಳುವ ಗತಿ ನನಗಿನ್ನೂ ಬಂದಿಲ್ಲ.

ಈಗ ನೀನು ಹೇಳು.

ಅಪ್ಪ


ಪರ್ತ್
7 ಸೆಪ್ಟೆಂಬರ್ 2025

ಅಪ್ಪಾ,

ಅಮ್ಮ ಹಾಡಿದಳು.

ಪರದೆಯ ಮೇಲಲ್ಲ, ಪರದೆಯ ಮೇಲೂ ಹೌದು. ನಾನು ಹೇಳುತ್ತಿರುವುದು ನನ್ನ ಪಕ್ಕದಲ್ಲಿ ಕುರ್ಚಿಯಲ್ಲಿ ಕೂತಿದ್ದ ಅಮ್ಮನ ವಿಷಯ. ಸಿನಿಮಾದಲ್ಲಿ ಅವಳೂ ಫ್ರೀಡಾ ಅಜ್ಜಿಯೂ ಶುರು ಮಾಡಿದರು. ಹಾಡಿನ ಎರಡನೆಯ ಸಾಲಿಗೆ ಇನ್ನೊಂದು ದನಿ ಸೇರಿತು. ಹಿಂದಿನ ಸಾಲಿನಲ್ಲಿ ಯಾರೋ ಗುನುಗುತ್ತಿದ್ದಾರೆ ಅಂದುಕೊಂಡೆ. ತಿರುಗಿದರೆ ಅಮ್ಮ. ಪದ ಪದವೂ ಅಪ್ಪಾ, ಒಂದಕ್ಷರ ತೊದಲಲಿಲ್ಲ. ಡೆವೋರಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ನಾನು ನಿಮ್ಮನ್ನು ಕರೆಯಲು ಎದ್ದು ಓಡಿದೆ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟೆ. ತೆರೆದಿದ್ದರೆ ಅಮ್ಮನ ದನಿಯ ಜೊತೆ ಅಜ್ಜಿಯ ದನಿಯೂ ಹೊರಗೆ ಬರುತ್ತಿತ್ತು. ಸಿನಿಮಾ ನಿಲ್ಲಿಸಿದರೆ ಅಮ್ಮನೂ ನಿಲ್ಲಿಸಿಬಿಡುತ್ತಾಳೇನೋ ಅಂತ ಭಯ. ಹಿಡಿಯ ಮೇಲೆ ಕೈಯಿಟ್ಟುಕೊಂಡೇ ನಿಂತೆ. ಹಾಡು ಮುಗಿಯಿತು. ಡೆವೋರಾ ನೀರು ತಂದು "ಕುಡೀತೀರಾ ಆಂಟಿ?" ಅಂದಳು. 'ಬೇಡ' ಅಂದಳು ಅಮ್ಮ.

ಹೊರಗೆ ಬಂದು ನಿಮಗೆ ಹೇಳಲಿಲ್ಲ. ಹೇಳಿದ್ದರೆ ಕಾರಿನಲ್ಲೇ 'ಹಾಡು ರುಕ್ಕೂ, ಲಾ... ಲಾ...' ಅಂತ ಶುರು ಮಾಡುತ್ತಿದ್ದಿರಿ. ಬೈದುಕೊಳ್ಳಬೇಡಿ, ನಿಮಗೂ ಗೊತ್ತು.

ಇನ್ನೊಂದು ಕಾರಣವೂ ಇದೆ, ಅದು ಆ ಹಾಡಿನ ಪದಗಳು. ಅದು ನಿಮಗೆ ಗೊತ್ತಿರುವ ಹಾಡಲ್ಲ. ನಾನು ಕೂಸಾಗಿದ್ದಾಗ, ಮಂಡ್ಯದ ಆಸ್ಪತ್ರೆಯಲ್ಲಿ ನಿಮಗೆ ಸಂಜೆ ಡ್ಯೂಟಿ ಇದ್ದ ದಿನಗಳಲ್ಲಿ ಅಮ್ಮನೇ ಕಟ್ಟಿದ್ದು. ನೀವು ಮನೆಯಲ್ಲಿದ್ದಾಗ ಅದನ್ನು ಹಾಡುತ್ತಿರಲಿಲ್ಲ. ಪದಗಳು ಅಮ್ಮನವು, ಅವನ್ನು ಬರೆದು ಕಳಿಸಲು ಯಾರ ಅಡ್ಡಿಯೂ ಇಲ್ಲ:

ಲಾಲಿ ಲಾಲಿ ಮಾಲೂ ಲಾಲಿ
ಹಾಲು ಕಾಸಿ ಆರಿಸಿಟ್ಟೆ
ಅಪ್ಪ ಬರೋದು ತಡ ಇವತ್ತು
ಅಗಳಿ ಹಾಕದೆ ಮಲಗಿಬಿಟ್ಟೆ

ಮಾಲು


14 ಅಕ್ಟೋಬರ್ 2025

ಮಾಲೂ,

ನೀನು ಅಂದದ್ದು ಸರಿ. ನಿನ್ನ ಕಾಗದ ಬಂದ ಸಂಜೆಯೇ ಅವಳೆದುರು ಕುರ್ಚಿ ಎಳೆದುಕೊಂಡು ಕೂತು 'ಲಾ' ಅಂದೆ. ಅವಳು ತುಟಿ ಬಿಗಿದಳು. ಮತ್ತೆ ಅಂದೆ. ಕಣ್ಣಲ್ಲಿ ನೀರು ಬಂತು, ಅವಳಿಗೆ. ಅವತ್ತಿಗೆ ಬಿಟ್ಟೆ. ಕಾರ್ಡುಗಳನ್ನೂ ತೆಗೆದು ಕಸಕ್ಕೆ ಹಾಕಿದೆ.

ಹೋದ ವಾರ ಗೌರಿ ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದಳು, "ಅಂಕಲ್, ನೀವು ಹೋದ್ಮೇಲೆ ಆಂಟಿ ಹಾಡ್ತಾರಲ್ಲ, ನಿಮ್ಗೆ ಗೊತ್ತಿಲ್ವಾ?" ಆ ಸಿನಿಮಾ ನೋಡಿ ಬಂದಾಗಿನಿಂದ ದಿನಾ ಹಾಡುತ್ತಾಳಂತೆ. ಗ್ಯಾರೇಜಿನ ಬಾಗಿಲು ಇಳಿದು, ಕಾರಿನ ಸದ್ದು ಬೀದಿ ದಾಟಬೇಕು. ಆಮೇಲೆ ಕಿಟಕಿಯ ಪಕ್ಕ ಕೂತು ಶುರು. ಒಂದು ದಿನ ಬೇಗ ಬಂದು ನೋಡಿದೆ. ಗ್ಯಾರೇಜು ತೆರೆದುಕೊಳ್ಳುವಷ್ಟರಲ್ಲಿ ಒಳಗೆಲ್ಲ ಸದ್ದಡಗಿತ್ತು. ನನ್ನನ್ನು ನೋಡಿ ನಕ್ಕಳು, ಎಡಗೈ ಚಾಚಿದಳು. ನನ್ನ ಮೇಲೆ ಅವಳಿಗೆ ಸಿಟ್ಟೇನೂ ಇಲ್ಲ. ಅಪ್ಪ ತಡವಾದಾಗ ಹಾಡುವ ಹಾಡು ಅದು, ಅಪ್ಪ ಬಂದಮೇಲೆ ಯಾಕೆ ಹಾಡುತ್ತಾಳೆ?

"ಫೋನಲ್ಲಿ ರೆಕಾರ್ಡ್ ಮಾಡ್ಕೊಡ್ಲಾ ಅಂಕಲ್? ಆಂಟಿಗೆ ಗೊತ್ತೇ ಆಗಲ್ಲ" ಅಂದಳು ಗೌರಿ. ಹೂಂ ಅನ್ನಲು ಬಾಯಿ ತೆರೆದೆ. ನಿನ್ನ ಡೆವೋರಾಗೆ ಮನಸ್ಸಿನಲ್ಲಿ ಎಷ್ಟು ಬೈದಿದ್ದೆ ಗೊತ್ತೇ ನಾನು? ಅವಳ ಅಜ್ಜಿಯನ್ನು ಕೇಳಲು ಅಜ್ಜಿ ಇರಲಿಲ್ಲ. ನನ್ನವಳು ಇದ್ದಾಳೆ, ನನ್ನೆದುರಿಗೇ ಇದ್ದಾಳೆ. ಕೇಳಿಯೇಬಿಡೋಣ ಅಂತ ಹೋಗಿ ಅವಳ ಕಾಲ ಹತ್ತಿರ ನೆಲದ ಮೇಲೆ ಕೂತೆ.

"ರುಕ್ಕೂ, ನೀನು ಹಾಡೋದನ್ನ ನಾನೂ ಕೇಳಬಹುದಾ?"

"ಬೇಡ."

ಅದೇ ಬೇಡ. ಅದೇ ದನಿ, ಅದೇ ಮುಖ. ಇಷ್ಟು ದಿನ ಕಾಫಿಗೆ ಅಂದಾಗ ಕೊಟ್ಟಿದ್ದೇನೆ, ಸ್ವೆಟರಿಗೆ ಅಂದಾಗ ತೊಡಿಸಿದ್ದೇನೆ. ಅವಳು ಬೇಡ ಅಂದದ್ದನ್ನೆಲ್ಲ ನಾನೇ ಬೇಕು ಅಂತ ಓದಿಕೊಂಡು ಸಂಸಾರ ನಡೆಸಿದೆ. ಈ ಒಂದನ್ನು ಹಾಗೆ ಓದಲು ಮನಸ್ಸು ಬರಲಿಲ್ಲ ಮಾಲೂ. ಬೇಕು ಅಂತಲೇ ಅಂದಿದ್ದಳೇನೋ. ಇನ್ನು ಅದು ನನಗೆ ಯಾವತ್ತೂ ತಿಳಿಯುವುದಿಲ್ಲ. ರೆಕಾರ್ಡ್ ಮಾಡಬೇಡ ಅಂತ ಗೌರಿಗೆ ಹೇಳಿದೆ.

ಇವತ್ತು ಮಂಗಳವಾರ, ನನಗೆ ರಜೆ. ಆದರೂ ಗೌರಿಯನ್ನು ಬರಹೇಳಿ, ಊಟವಾದ ಮೇಲೆ ಕಾರು ತೆಗೆದುಕೊಂಡು ಹೊರಗೆ ಬಂದುಬಿಟ್ಟೆ. ಇಪ್ಸ್‌ವಿಚ್ ರಸ್ತೆಯ ಒಂದು ಪೆಟ್ರೋಲ್ ಬಂಕಿನಲ್ಲಿ, ನಿಮ್ಮ ಭಾಷೆಯ ಸರ್ವೋದಲ್ಲಿ, ಮೆಷಿನ್ ಕಾಫಿ ಇಟ್ಟುಕೊಂಡು ಕೂತಿದ್ದೇನೆ. ಕಾಫಿ ಕೆಟ್ಟದಾಗಿದೆ. ಕೌಂಟರಿನವನು 'ಏನಾದ್ರೂ ಬೇಕಾ ಡಾಕ್ಟ್ರೇ' ಅನ್ನುವ ಹಾಗೆ ಆಗಾಗ ನೋಡುತ್ತಾನೆ. ಮನೆಗೆ ಹೋಗಬೇಕು ಅನ್ನಿಸುತ್ತಿದೆ, ತುಂಬ ಅನ್ನಿಸುತ್ತಿದೆ.

ಈಗಷ್ಟೇ ಗೌರಿಯ ಮೆಸೇಜು ಬಂತು.

'ಅಂಕಲ್, ಆಂಟಿ ಶುರು ಮಾಡಿದ್ರು. ಸ್ವಲ್ಪ ಹೊತ್ತು ಬರ್ಬೇಡಿ.'

ಅಪ್ಪ